ಮಖಮಲ್ಲಿಗೊಂದು ಕಿಟಕಿ ಸೀಟು

ಮೈಸೂರಿನಿಂದ ಕೃಷ್ಣರಾಜನಗರದ ಕಡೆಗೆ ಹೊರಡುವ ಸಂಜೆಯ ರೈಲಿನಲ್ಲಿ ಕಿಟಕಿ ಪಕ್ಕ ಕೂತವರಿಗೆ ಕಿವಿ ಸ್ವಲ್ಪ ಮಂದವಾಗುತ್ತದೆ. ಕಣ್ಣು ಹೊರಗಿನ ಕಬ್ಬಿನ ಗದ್ದೆ ಬಿಟ್ಟು ಕದಲುವುದಿಲ್ಲ. ಬೇರೆಯವರ ಮೇಲೆ ದೂರು ಹೇಳುತ್ತಿಲ್ಲ, ನನಗೇ ಆಗಿದೆ.

ಟಿಕೆಟ್ಟಿನ ಪ್ರಕಾರ ಈ ರೈಲಿಗೆ ಇರುವುದು ಒಂದೇ ದರ್ಜೆ. ನಾನು ಸರ್ವೆ ಇಲಾಖೆಯವನು. ಜಮೀನು ಅಳೆದು ಗಡಿ ಗುರುತಿಸುವುದು ನನ್ನ ಕೆಲಸ. ‘ಒಂದೇ’ ಎಂಬ ಮಾತನ್ನು ಅಳೆಯದೆ ಒಪ್ಪುವ ಅಭ್ಯಾಸವಿಲ್ಲ. ಕಿಟಕಿಯವರು ಜಮೀನ್ದಾರರು. ನಡುವಿನವರು ಎರಡೂ ಕಡೆಯಿಂದ ಒತ್ತುವರಿಗೆ ಒಳಗಾದವರು. ಮೂವರ ಬೆಂಚಿಗೆ ನಾಲ್ಕನೆಯವರಾಗಿ ‘ವಸಿ ಜರುಗ್ರಿ’ ಎಂದು ಬರುವವರಿಗೆ ಅರ್ಧ ದೇಹಕ್ಕೆ ಮಾತ್ರ ಹಕ್ಕುಪತ್ರ. ನಿಂತವರಲ್ಲೂ ಒರಗಲು ಏನಾದರೂ ಸಿಕ್ಕವರು ಬೇರೆ, ಒಬ್ಬರಿಗೊಬ್ಬರು ಗೋಡೆಯಾದವರು ಬೇರೆ.

ಸೀಟು ಕೈ ಬದಲಾಗುವುದಕ್ಕೂ ಕಾನೂನಿದೆ. ಕೂತವರನ್ನು ‘ಎಲ್ಲಿ ಇಳೀತೀರಿ’ ಎಂದು ಮೊದಲು ಕೇಳಿದವರೇ ವಾರಸುದಾರರು. ಆಮೇಲೆ ಎಂಥ ಬಲಶಾಲಿ ಬಂದರೂ ಆ ಹಕ್ಕಿಗೆ ಕೈ ಹಾಕುವುದಿಲ್ಲ. ಸತ್ತವರ ಜಮೀನು ವಾರಸುದಾರರ ಹೆಸರಿಗೆ ಬರುವ ನಮ್ಮ ಪೌತಿ ಖಾತೆಯ ಹಾಗೆಯೇ. ಖಾತೆದಾರ ಬದುಕಿರುತ್ತಾನೆ ಎನ್ನುವುದೊಂದೇ ವ್ಯತ್ಯಾಸ. ಹೀಗೆ ಒಂದು ಸಂಜೆ, ಬೆಳಗೊಳದಲ್ಲಿ ಇಳಿದವರಿಂದ ನನಗೊಂದು ಕಿಟಕಿ ಬಂತು.

ಅದೇ ನೂಕಿನಲ್ಲಿ ಟೈಲರ್ ಬಾಷಾ ಸಾಬರು ನನ್ನೆದುರಿಗೆ ಬಂದು ನಿಂತರು. ನಮ್ಮೂರ ಪೇಟೆಯವರು; ನನ್ನ ಸೊಂಟದ ಇಪ್ಪತ್ತು ವರ್ಷದ ಚರಿತ್ರೆ ಬಲ್ಲವರು. ಬಲಗೈ ತಲೆಯ ಮೇಲೆ ಚಾಚಿತ್ತು. ಕೈಯಲ್ಲಿ ಹ್ಯಾಂಗರು, ಅದರಲ್ಲಿ ಬಿಳಿ ಬಟ್ಟೆ ಹೊದಿಸಿದ ಶೇರ್ವಾನಿ. ಮರುದಿನ ಅವರ ಮಗಳ ನಿಕಾಹ್. ಅಳಿಯನಿಗೆ ಶೇರ್ವಾನಿಯನ್ನು ತಾವೇ ಹೊಲಿದು, ಮೈಸೂರಿನಲ್ಲಿ ಜರಿ ಕೆಲಸ ಮಾಡಿಸಿ ತರುತ್ತಿದ್ದರು. ಅಂದೇ ಗಂಡಿನ ಮನೆಗೆ ತಲುಪಬೇಕಿತ್ತು. ಬಟ್ಟೆ ಮಖಮಲ್ಲು, ಮಡಿಸಿದರೆ ಗೆರೆ ಬೀಳುತ್ತದೆ, ಗೆರೆ ಬಿತ್ತೆಂದು ಇಸ್ತ್ರಿ ಒತ್ತಿದರೆ ಬಟ್ಟೆಯೇ ಸಾಯುತ್ತದೆ ಎಂದು ಪಕ್ಕದವರಿಗೆ ವಿವರಿಸುತ್ತಿದ್ದರು.

ನನಗೆ ಕೇಳಿಸಿತು. ಕೇಳಿಸಿಯೂ ಕೃಷ್ಣರಾಜಸಾಗರ, ಕಲ್ಲೂರು ಯಡಹಳ್ಳಿ, ಎರಡು ಸ್ಟೇಷನ್ನು ದಾಟುವವರೆಗೆ ಕಬ್ಬನ್ನೇ ನೋಡಿದೆ. ಸರಿಯಾಗಿ ಎರಡು.

ಎದುರು ಬೆಂಚಿನಲ್ಲಿ ಜಯಮ್ಮ ಇದ್ದರು. ಮೈಸೂರಿನಲ್ಲಿ ಸೊಪ್ಪು ಮಾರಿ, ಖಾಲಿ ಮಂಕರಿ ಮಡಿಲಲ್ಲಿಟ್ಟುಕೊಂಡು ದಿನಾ ಬರುವವರು.

“ಸಾರ್, ನೀವು ಅಳ್ಯೋರಲ್ವಾ? ಆ ಕೋಟಿಗೆ ಎಷ್ಟು ಜಾಗ ಬೇಕು, ವಸಿ ಅಳ್ದು ಯೋಳಿ.”

ವೃತ್ತಿಯ ಅಭಿಮಾನ ಕೆಟ್ಟದ್ದು. ಕಣ್ಣಳತೆಯಲ್ಲೇ ನೋಡಿ ಹದಿನೆಂಟು ಇಂಚು ಎಂದೆ.

“ನೀವು ಕುಂತಿರೋದು?”

ಸುಳ್ಳು ಅಳತೆ ಕೊಟ್ಟು ಗೊತ್ತಿಲ್ಲ. ಅದೂ ಹದಿನೆಂಟೇ ಎಂದೆ.

“ಅಂಗಾರೆ ಏಳಿ ಮತ್ತೆ.”

ಸುತ್ತ ನಿಂತವರೆಲ್ಲ ನಕ್ಕರು. ಎದ್ದೆ. ಶೇರ್ವಾನಿ ಕಿಟಕಿಯ ಮೇಲಿನ ಕೊಕ್ಕೆಯಲ್ಲಿ ನೇತಾಡಿತು. ಧೂಳು ಬರದಂತೆ ಜಯಮ್ಮ ಶಟರು ಇಳಿಸಿದರು. ಬಾಷಾ ಸಾಬರು ಅದರ ಪಕ್ಕ ಕೂರಲು ಒಪ್ಪಲಿಲ್ಲ, ತಮ್ಮ ಮೈಯೇ ತಾಕೀತು ಎಂದರು. ಸಾಗರಕಟ್ಟೆಯಲ್ಲಿ ಹತ್ತಿದ ಜನರ ಭಾರವನ್ನು ನಾವಿಬ್ಬರೂ ಬೆನ್ನಿನಲ್ಲಿ ತಡೆದೆವು. ಎಷ್ಟೋ ಬದು ಅಳೆದಿದ್ದೇನೆ. ಬದುವಾಗಿದ್ದು ಅದೇ ಮೊದಲು. ಮೂಗಿನ ತುದಿಗೆ ಯಾರದೋ ಟಿಫನ್ ಕ್ಯಾರಿಯರು, ಕಾಲಿನ ಮೇಲೆ ಯಾರದೋ ಕಾಲು, ಆದರೂ ವಿಚಿತ್ರವೆಂಬಂತೆ ಖುಷಿಯಾಗುತ್ತಿತ್ತು.

ನಮ್ಮೂರು ಕೃಷ್ಣರಾಜನಗರ ಬಂದಾಗ ಬಾಗಿಲವರೆಗೂ ಜನ. ರೈಲು ನಿಲ್ಲುವುದು ಅಲ್ಪ ಹೊತ್ತು, ಶೇರ್ವಾನಿ ಹಿಡಿದು ನುಗ್ಗುವಂತಿಲ್ಲ. ಕೊಕ್ಕೆ ಮಾತ್ರ ಹಿಡೀರಪ್ಪ, ಬಟ್ಟೆ ಮುಟ್ಟಬೇಡಿ ಎನ್ನುತ್ತಾ ಬಾಷಾ ಸಾಬರು ಹ್ಯಾಂಗರನ್ನು ಮುಂದಿನವರ ಬೆರಳಿಗೆ ಸಿಕ್ಕಿಸಿದರು. ಅದು ತಲೆಗಳ ಮೇಲೆ, ಬೆರಳಿಂದ ಬೆರಳಿಗೆ ತೂಗುತ್ತಾ ಹೋಗಿ ಬಾಗಿಲಲ್ಲಿ ಮರೆಯಾಯಿತು. ಅಳಿಯನ ಅಂಗಿ ಹೊರಗೆ, ಮಾವ ಒಳಗೆ. ಜನ ನಮ್ಮನ್ನೂ ಹಾಗೇ ದಾಟಿಸಿದರು, ಬೆರಳಿನಲ್ಲಲ್ಲ, ಮೊಣಕೈಯಲ್ಲಿ. ಕಾಲು ನೆಲಕ್ಕೆ ತಾಗುವಷ್ಟರಲ್ಲಿ ರೈಲು ಹೊರಟಿತು.

ಪ್ಲಾಟ್‌ಫಾರಮ್ಮಿನಲ್ಲಿ ಒಬ್ಬ ಗಾರೆ ಕೆಲಸದವನು ಕೈ ನೀಳವಾಗಿ ಚಾಚಿ ನಿಂತಿದ್ದ. ತನ್ನ ಅಂಗಿಯ ಸಿಮೆಂಟು ತಾಗದಂತೆ ಶೇರ್ವಾನಿಯನ್ನು ಮೈಯಿಂದ ದೂರ ಹಿಡಿದಿದ್ದ. ಬಾಷಾ ಸಾಬರು ಹೊದಿಕೆ ಸರಿಸಿ, ತೋಳು, ಬೆನ್ನು, ಕಾಲರು ಎಲ್ಲ ನೋಡಿದರು. ಒಂದು ಗೆರೆಯೂ ಇರಲಿಲ್ಲ. ಉಸಿರು ಬಿಟ್ಟು, ಯಾವೂರಪ್ಪ ಎಂದು ಕೇಳಿದರು. ಅಕ್ಕಿಹೆಬ್ಬಾಳು ಎಂದ. ಅದು ಇನ್ನೂ ಮುಂದಿನ ಊರು. ಈಗ ಹೋದದ್ದೇ ಅವನ ರೈಲು.

ಮತ್ತೆ ಇಲ್ಲೇಕೆ ಇಳಿದೆ ಎಂದೆ.

“ಬಾಗ್ಲಲ್ಲಿ ನಿಂತಿದ್ದೆ ಸಾ. ನನ್ ಕೈಗ್ ಬಂತು. ತಗಳಕ್ಕೆ ಕೆಳಗೆ ಯಾರೂ ಇರ್ನಿಲ್ಲ.”

ಹದಿನೆಂಟು ಇಂಚಿಗೆ ಎರಡು ಸ್ಟೇಷನ್ನು ಯೋಚಿಸಿದವನು ನಾನು. ಬಾಷಾ ಸಾಬರು ಅವನ ರಟ್ಟೆ ಹಿಡಿದುಕೊಂಡರು. ಮೊದಲು ಮನೆಗೆ ಬಂದು ಊಟ, ಆಮೇಲೆ ಊರಿಗೆ ಬೈಕಿನಲ್ಲಿ ಬಿಡಿಸುವುದು ತಮ್ಮ ಜವಾಬ್ದಾರಿ, ನಾಳೆ ಮದುವೆಗೆ ಹೆಂಡತಿಯನ್ನೂ ಕರೆದುಕೊಂಡು ಬರಬೇಕು ಎಂದರು. ಮೂವರೂ ಸ್ಟೇಷನ್ನಿನ ಹೊರಗೆ ಬರುವಾಗ ಅವನ ಫೋನು ಹೊಡೆದುಕೊಂಡಿತು. ಹೆಂಡತಿಯೇ. ಮದುವೆ ಮನೆಗೆ ಹೋಗುತ್ತಿದ್ದೇನೆ, ತಡವಾಗುತ್ತದೆ ಎಂದ. ಆ ಕಡೆಯಿಂದ ಪ್ರಶ್ನೆ ಬಂದಾಗ ಫೋನನ್ನು ಅಂಗೈಯಲ್ಲಿ ಮುಚ್ಚಿ ತಿರುಗಿದ.

“ಸಾಬ್ರೇ, ಯಾರ್ ಮದ್ವೆ ಇದು?”

“ನಮ್ಮುಡ್ಗೀದು ಕಣಪ್ಪ” ಎಂದರು ಬಾಷಾ ಸಾಬರು.

ಅವನು ಫೋನು ಕಿವಿಗಿಟ್ಟುಕೊಂಡು ಹೆಂಡತಿಗೆ ಹೇಳಿದ: “ನಮ್ಮುಡ್ಗೀದು ಕಣಮ್ಮಿ.”