ಮೂವತ್ತನಾಲ್ಕು ಔನ್ಸಿನ ಸುಳ್ಳು

ಮಾರ್ವಿನ್ ಸೋಬೆಕ್‌ನಂಥ ಪುಕ್ಕಲನನ್ನು ನಾನು ಬೇರೆ ಕಂಡಿಲ್ಲ. ಎಡವಿದರೆ ಕುರ್ಚಿಯನ್ನೇ ಕ್ಷಮೆ ಕೇಳುವ ಪ್ರಾಣಿ. ನಮ್ಮೂರ ಬೇಸ್‌ಬಾಲ್ ತಂಡ ಹೆರನ್ಸ್‌ನಲ್ಲಿ ಮೂವತ್ತೊಂದು ವರ್ಷ ಆಟಗಾರರ ಸಾಮಾನು ನೋಡಿಕೊಂಡ. ಸ್ಟೇಡಿಯಮ್ಮಿನ ಅಡಿಯಲ್ಲಿ ಅವನ ಉಗ್ರಾಣ, ಪಕ್ಕದಲ್ಲೇ ನಾನು ಸಮವಸ್ತ್ರ ಒಗೆಯುವ ಕೋಣೆ. ಹೊಸ ಬ್ಯಾಟು ಬಂದರೆ ಒಂದೊಂದನ್ನೂ ತನ್ನ ಸಣ್ಣ ತಕ್ಕಡಿಗೆ ಹಾಕಿ, ಹಿಡಿಯ ತುದಿಯಲ್ಲಿ ತೂಕ ಬರೆದಿಡುವುದು ಅವನ ಕೆಲಸ. ಬರವಣಿಗೆ ಮಾತ್ರ ಕೋಳಿ ಕೆದಕಿದ ಹಾಗೆ.

ಟ್ರೆವರ್ ಹ್ಯಾಂಕಿನ್ಸ್ ನಮ್ಮ ತಂಡದ ದೊಡ್ಡ ಹೊಡೆತಗಾರ. ಮೂವತ್ತರ ವಯಸ್ಸಿನ ತನಕ ಅವನದು ಮೂವತ್ತನಾಲ್ಕು ಔನ್ಸಿನ ಬ್ಯಾಟು. ಆಮೇಲೊಂದು ದಿನ ಉಗ್ರಾಣಕ್ಕೆ ಬಂದು ಬಾಗಿಲು ಹಾಕಿಕೊಂಡ.

“ಮಾರ್ವ್, ಇನ್ಮೇಲೆ ಮೂವತ್ಮೂರರದ್ದು ತರ್ಸು. ತುದೀಲಿ ಮಾತ್ರ ಮೂವತ್ನಾಲ್ಕು ಅಂತಾನೇ ಬರಿ. ಹುಡುಗ್ರು ನೋಡ್ತಾರೆ.”

ಮಾರ್ವಿನ್ ಬರೆದ. ಮುಂದೆ ಮೂವತ್ತೆರಡಾಯಿತು, ಮೂವತ್ತೈದನೇ ವಯಸ್ಸಿಗೆ ಮೂವತ್ತೊಂದಕ್ಕೆ ಇಳಿಯಿತು, ಬರೆದದ್ದು ಬದಲಾಗಲಿಲ್ಲ. ಕೈ ನಿಧಾನವಾದವನು ಹಗುರ ಬ್ಯಾಟು ಹುಡುಕುತ್ತಾನೆ, ಇದು ಈ ಕಟ್ಟಡದಲ್ಲಿ ಕಸ ಗುಡಿಸುವವನಿಗೂ ಗೊತ್ತು. ನನ್ನ ಒಗೆಯುವ ಯಂತ್ರಕ್ಕೂ ಗೊತ್ತಿತ್ತು ಅನ್ನಿ. ಒಂದು ಕಾಲಕ್ಕೆ ಮಣ್ಣಿನಲ್ಲಿ ಜಾರಿ ಜಾರಿ ಇಟ್ಟಿಗೆ ಬಣ್ಣವಾಗಿ ಬರುತ್ತಿದ್ದ ಅವನ ಪ್ಯಾಂಟು ಈಗ ಇಸ್ತ್ರಿ ಮುರಿಯದೆ ವಾಪಸು ಬರುತ್ತಿತ್ತು.

ಆ ವರ್ಷ ಅವನ ಕರಾರು ಮುಗಿಯಿತು. ಇನ್ನು ಯಾವ ತಂಡಕ್ಕಾದರೂ ಹೋಗಬಹುದು. ಊರಿಗೆ ಊರೇ ಅತ್ತಿತು. ಅಪ್ಪನ ಹಾಸಿಗೆ ಅಂಗಡಿಗಳ ದುಡ್ಡಿನಲ್ಲಿ ತಂಡ ಕೊಂಡಿದ್ದ ಯಜಮಾನ ಗ್ರೀವ್, ಆರು ವರ್ಷದ ಕರಾರು ಬರೆಸಲು ಹೊರಟ. ಆಡಲಿ ಬಿಡಲಿ, ಆರೂ ವರ್ಷ ಪೂರ್ತಿ ಸಂಬಳ. ಹಿಂದೊಮ್ಮೆ ಭುಜ ಹಾಳಾದ ಎಸೆತಗಾರನಿಗೆ ಹೀಗೇ ಬರೆದುಕೊಟ್ಟು, ಆ ನಷ್ಟ ತುಂಬಲು ನನ್ನ ಜೊತೆ ಒಗೆಯುತ್ತಿದ್ದ ಇಬ್ಬರನ್ನು ಮನೆಗೆ ಕಳಿಸಿದ್ದರು. ನಮಗೆಲ್ಲಿಯ ಕರಾರು? ವರ್ಷ ವರ್ಷವೂ ಬಾಯಿಮಾತು.

“ಗ್ರೀವ್‌ಗೆ ನಿಜ ಹೇಳ್ಬಿಡು ಮಾರ್ವಿನ್. ಮೇಲಿನೋರು ಎಡವಿದ್ರೆ ಮೂಗು ಒಡೆಯೋದು ನಮ್ದು,” ಎಂದೆ.

“ಹ್ಯಾಂಕಿನ್ಸ್ ನನ್ನ ಕೆಲ್ಸ ತೆಗೆಸ್ತಾನೆ ಕಣೆ. ಆದ್ರೂ ಅವ್ರಾಗೇ ಕೇಳಿದ್ರೆ ಹೇಳ್ತೀನಿ ಲೋರೇನ್, ಆಣೆ.”

ಕೇಳಿಯೇ ಬಿಟ್ಟ. ಸಹಿಯ ಹಿಂದಿನ ದಿನ ಗ್ರೀವ್ ತಾನೇ ಉಗ್ರಾಣಕ್ಕೆ ಇಳಿದು ಬಂದ. ನಾನು ಅಲ್ಲೇ ಟವೆಲ್ ಮಡಚುತ್ತಿದ್ದೆ. ಹ್ಯಾಂಕಿನ್ಸನ ಬ್ಯಾಟೊಂದನ್ನು ಎತ್ತಿ ತುದಿ ಓದಿದ.

“ಮೂವತ್ತೈದನೇ ವಯಸ್ಸಿಗೂ ಮೂವತ್ನಾಲ್ಕು ಔನ್ಸ್. ಕಬ್ಬಿಣ ಕಣಯ್ಯ ಇವ್ನು. ಏನಂತೀಯ?”

ಕೈಯಲ್ಲಿ ಹಿಡಿದೂ ತೂಕ ತಿಳಿಯದ ಮಹಾನುಭಾವ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ತಕ್ಕಡಿ ಅವನ ಮೊಣಕೈಯಿಂದ ಗೇಣು ದೂರದಲ್ಲಿತ್ತು. ಮಾರ್ವಿನ್ ನೆಲ ನೋಡಿದ, ತಕ್ಕಡಿ ನೋಡಿದ.

“ಕಬ್ಬಿಣಾನೇ ಸರ್,” ಎಂದ.

ಗ್ರೀವ್ ಮೆಟ್ಟಿಲು ಹತ್ತಿದ ಮೇಲೆ ನಾನು ಬಾಯಿಗೆ ಬಂದ ಹಾಗೆ ಬೈದೆ. “ಬೆನ್ನುಮೂಳೆ ಎಲ್ಲಿಟ್ಟಿದೀಯೋ? ಅದನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿದೀಯಾ?”

“ನೀನೂ ಇಲ್ಲೇ ಇದ್ಯಲ್ಲ.”

“ನನ್ನನ್ನ ಯಾರು ಕೇಳಿದ್ರು?” ಎಂದು ಟವೆಲ್ ಹೊತ್ತು ಬಂದೆ.

ಮರುದಿನ ಸಹಿ ಬಿತ್ತು. ಮೊದಲ ವರ್ಷ ಹ್ಯಾಂಕಿನ್ಸ್ ಹೇಗೋ ಎಳೆದ. ಎರಡನೆಯ ವರ್ಷ ಚೆಂಡು ದಾಟಿ ಹೋದ ಮೇಲೆ ಅವನ ಬ್ಯಾಟು ಬರುತ್ತಿತ್ತು, ಮಣ್ಣು ಮಾಡಿದ ಮೇಲೆ ಬಂದ ನೆಂಟನ ಹಾಗೆ. ಮೂರನೆಯ ವರ್ಷ ಬೆಂಚಿನ ಮೇಲೆ ಕೂತು ಸೂರ್ಯಕಾಂತಿ ಬೀಜ ಅಗಿದು ಸಿಪ್ಪೆ ಉಗುಳಿದ. ಬಿಟ್ಟುಕೊಡುತ್ತೇವೆಂದರೂ ಯಾವ ತಂಡಕ್ಕೂ ಬೇಡ. ಇನ್ನೂ ಮೂರು ವರ್ಷದ ಸಂಬಳ ಕೊಡಲೇಬೇಕು.

ಆ ಬೇಸಿಗೆಯಲ್ಲೇ ಖರ್ಚು ಕಡಿತದ ಪತ್ರ ಕೆಳಗಿಳಿಯಿತು, ಮಾರ್ವಿನ್‌ನ ಹೆಸರಿಗೆ. ಉಗ್ರಾಣವನ್ನೂ ಇನ್ನು ನಾನೇ ನೋಡಿಕೊಳ್ಳಬೇಕಂತೆ, ಅದೇ ಸಂಬಳಕ್ಕೆ.

ಕೊನೆಯ ದಿನ ಹ್ಯಾಂಕಿನ್ಸ್ ಬಂದು ಮಾರ್ವಿನ್‌ನನ್ನು ತಬ್ಬಿ, ಸಹಿ ಹಾಕಿದ ಬ್ಯಾಟೊಂದನ್ನು ಕೊಟ್ಟ. ಕಣ್ಣಲ್ಲಿ ನೀರೂ ತಂದುಕೊಂಡ, ನಾಚಿಕೆಗೆಟ್ಟವನು. ಅವನು ಹೋದ ಮೇಲೆ ಮಾರ್ವಿನ್ ಅದನ್ನು ತಕ್ಕಡಿಗಿಟ್ಟ. ಮೂವತ್ತೂವರೆ. ತುದಿಯಲ್ಲಿ ಅವನದೇ ಕೋಳಿ ಅಕ್ಷರದಲ್ಲಿ ಮೂವತ್ತನಾಲ್ಕು.

“ಹೇಳ್ಬೇಕಿತ್ತು,” ಎಂದ.

“ಈಗ ತಿಳೀತಾ ಮಹಾರಾಯ?” ಎಂದೆ. ನನಗೆ ಕನಿಕರ ಬರಲಿಲ್ಲ. ಬ್ಯಾಟನ್ನು ಅಲ್ಲೇ ಬಿಟ್ಟು, ತಕ್ಕಡಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ.

ಮರುವಾರ ಹ್ಯಾಂಕಿನ್ಸನ ಆರು ಹೊಸ ಬ್ಯಾಟುಗಳು ಬಂದವು. ಹಿಂದೆಯೇ ಅವನೂ ಬಂದು ಬಾಗಿಲು ಹಾಕಿಕೊಂಡ.

“ಲೋರೇನ್, ಇನ್ಮೇಲೆ ತೂಕ ಬರಿಯೋದು ನೀನಂತೆ?” ಪೆನ್ನನ್ನು ನನ್ನ ಕಡೆ ಚಾಚಿದ. “ಮಾರ್ವ್ ಏನು ಬರೀತಿದ್ದ ಅಂತ ಗೊತ್ತಲ್ಲ.”

ಮೇಲೆ ಕೆಲಸದಿಂದ ತೆಗೆಯುವವರ ಇನ್ನೊಂದು ಪಟ್ಟಿ ತಯಾರಾಗುತ್ತಿದೆ ಎಂಬ ಸುದ್ದಿ ಆಗಲೇ ನನ್ನ ಕಿವಿಗೆ ಬಿದ್ದಿತ್ತು.

ಮೂವತ್ತನಾಲ್ಕು ಎಂದೇ ಬರೆದೆ, ಆರೂ ಬ್ಯಾಟಿಗೆ. ನನ್ನ ಅಕ್ಷರ ಮಾರ್ವಿನ್‌ನದಕ್ಕಿಂತ ದುಂಡಗಿದೆ.