ಎರಡು ಉಸಿರು ಕುಂದರ್ರಿ

ಅವನ ಎಡಗೈಯಲ್ಲಿ ಅಂಗೈಯಿಂದ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ಬಲಗೈ ತುಂಬಾ ಕರಡಿಯ ಹಾಗೆ ಕೂದಲು. ಮೊದಲ ಸಲ ನೋಡಿದಾಗ ಎಲ್ಲೋ ಸುಟ್ಟುಕೊಂಡಿರಬೇಕು ಅಂದುಕೊಂಡೆ. ಸುಟ್ಟದ್ದಲ್ಲ. ಕಾರ್ಯಕ್ರಮ ಮುಗಿದ ಮೇಲೆ ಮೈಕಿನ ವೈರನ್ನು ಅಂಗೈಗೂ ಮೊಣಕೈಗೂ ಸುತ್ತಿ ಸುತ್ತಿ ಸುರುಳಿ ಮಾಡುತ್ತಿದ್ದ. ವರ್ಷಗಟ್ಟಲೆ ಹಾಗೆ ಸುತ್ತಿ ಆ ಕೈಯ ಕೂದಲೆಲ್ಲ ಸವೆದು ಹೋಗಿತ್ತು. ಎಣ್ಣೆ ಹಚ್ಚಿದ ಲಟ್ಟಣಿಗೆಯ ಹಾಗೆ ಹೊಳೆಯುತ್ತಿತ್ತು.

ವಾಡಿ ಸ್ಟೇಷನ್ನಿನ ಹೊರಗೆ ಅವನ ಮೈಕ್‌ಸೆಟ್ಟಿನ ಅಂಗಡಿ. ಮದುವೆ, ತೊಟ್ಟಿಲು, ಭಾಷಣ, ಭಜನೆ, ಏನಿದ್ದರೂ ವಾಡಿಯಿಂದ ಚಿಂಚೋಳಿವರೆಗೆ ಅವನ ಸ್ಪೀಕರ್ ಡಬ್ಬಿಗಳೇ ಕೂಗಬೇಕು. ಎಲ್ಲರೂ ಅವನನ್ನು ಮೈಕಿನಣ್ಣ ಎನ್ನುತ್ತಿದ್ದರು. ಅವನು ನನಗೆ ಯಕ್ಕಾ ಅನ್ನುತ್ತಿದ್ದ, ನಾನು ಅವನಿಗೆ ಯಣ್ಣಾ. ಇಬ್ಬರಲ್ಲಿ ದೊಡ್ಡವರು ಯಾರು ಎನ್ನುವುದು ಕೊನೆಗೂ ತೀರ್ಮಾನ ಆಗಲಿಲ್ಲ.

ಅವನಿಗೆ ಹಾಡು ಬರುತ್ತಿರಲಿಲ್ಲ. ಒಂದು ಸಾಲು ಗುನುಗಿದರೂ ಅಂಗಡಿ ಮುಂದೆ ಮಲಗಿದ ನಾಯಿ ಎದ್ದು ಹೋಗುತ್ತಿತ್ತು. ಆದರೆ ಹಾಡುವವರನ್ನು ಅವನಷ್ಟು ನೋಡಿದವರು ಇಲ್ಲ. ಎಲ್ಲರೂ ಮುಂದಿನಿಂದ ಮುಖ ನೋಡುತ್ತಾರೆ, ಅವನು ವೇದಿಕೆಯ ಹಿಂದೆ ತಗಡಿನ ಟ್ರಂಕಿನ ಮೇಲೆ ಕುಳಿತು ನೋಡುತ್ತಿದ್ದ.

"ಮಂದಿಗೆ ಮಾರಿ ಕಾಣ್ತದ, ನನಗ ಹಿಮ್ಮಡ ಕಾಣ್ತಾವ," ಅನ್ನುತ್ತಿದ್ದ. "ಎಂಥಾ ದೊಡ್ಡ ಉಸ್ತಾದ್ ಇರ್ಲಿ, ಮಾರಿ ನಗತದ, ಹಿಮ್ಮಡ ನಡಗತಾವ."

ಮೈಕು ಸರಿ ಇದೆಯೋ ಎಂದು ನೋಡುವಾಗ ಅವನು ಹಲೋ ಹಲೋ ಅನ್ನುತ್ತಿರಲಿಲ್ಲ. ಮಂದಿಗೆ ಬೆನ್ನು ಮಾಡಿ, ಡಬ್ಬಿಯ ಕಡೆ ಮುಖ ಮಾಡಿ, "ಹಿಂದಿನವ್ರಿಗೆ ಕೇಳಾಕತ್ತದೇನ್ರಿ?" ಎಂದು ಒಂದೇ ಮಾತು ಕೇಳುತ್ತಿದ್ದ. ಹಿಂದಿನವರು ಕೈ ಎತ್ತಿದ್ದನ್ನು ಬೇರೆ ಯಾರಾದರೂ ನೋಡಿ ಹೇಳಬೇಕು. ಅವನು ತಿರುಗುತ್ತಿರಲಿಲ್ಲ. ಅದು ಯಾಕೆ ಎಂದು ನಾನು ಬಹಳ ದಿನ ಯೋಚನೆ ಮಾಡಲೇ ಇಲ್ಲ.

ನಮ್ಮದು ಗುಂಡಗುರ್ತಿ ಹತ್ತಿರದ ಸಣ್ಣ ಊರು. ತೊಗರಿ ಒಡೆಯುವಾಗ, ಬೀಸುವಾಗ ಹಾಡುವ ಪದಗಳು ನನಗೆ ಅತ್ತೆಯಿಂದ ಬಂದವು. ಊರೆಲ್ಲ ಬೇಳೆ ಗಿರಣಿಗೆ ಹೋದರೂ ನಮ್ಮ ಮನೆಯಲ್ಲಿ ಕಲ್ಲು ತಿರುಗುತ್ತದೆ. ಗಿರಣಿಯ ಬೇಳೆ ನನಗೆ ಸೇರುವುದಿಲ್ಲ. ಕಲ್ಲಿನ ಈ ಕಡೆ ನಾನು, ಆ ಕಡೆ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಮಹಿಳಾ ಸಂಘದ ಮೇಡಂ ಒಬ್ಬರು ಒಮ್ಮೆ ಬಂದವರು ಕೇಳಿ, ಚಿತ್ತಾಪುರದ ಕಾರ್ಯಕ್ರಮಕ್ಕೆ ಬನ್ನಿ ಎಂದು ಐದು ಹೆಂಗಸರನ್ನು ಕರೆದರು. ನಾನು ಹಾಡಬೇಕು, ಉಳಿದವರು ದನಿ ಕೂಡಿಸಬೇಕು.

ವೇದಿಕೆ ಹತ್ತಿದಾಗ ನಮಗೆ ಗೊತ್ತಿದ್ದದ್ದು ಒಂದೇ ರೀತಿ. ನಾನು, ನೆಗೆಣ್ಣಿ ಮುಖಕ್ಕೆ ಮುಖ ಮಾಡಿ ಕುಳಿತೆವು. ನಡುವೆ ಕಲ್ಲು ಇಲ್ಲ, ಅಷ್ಟೇ. ಮಂದಿಗೆ ನನ್ನ ಬೆನ್ನು. ಮೊದಲ ಸಾಲಿನಲ್ಲಿ ಮಾವನ ತಮ್ಮ ಕುಳಿತಿದ್ದನೆಂದು ಸೆರಗನ್ನು ಮೂಗಿನ ಕೆಳಗೆ ಎಳೆದಿದ್ದೆ. ಮೈಕು ತಂದಿಟ್ಟರು. ಅದಕ್ಕೂ ಕೈ ಮುಗಿದೆ. ಬಾಯಿ ತೆರೆದೆ.

ಒಂದು ಸಾಲು ಹೊರಗೆ ಬಂತು. ಅದೇ ಸಾಲನ್ನು ಹಿಂದಿನಿಂದ ಇನ್ನೊಬ್ಬಳು ಯಾರೋ ದೊಡ್ಡ ದನಿಯಲ್ಲಿ ಹಾಡಿದಳು. ಯಾರವಳು, ನಮ್ಮ ಅತ್ತೆಯ ಪದ ಅವಳಿಗೆ ಹೇಗೆ ಬಂತು ಎಂದು ಹಾಡು ನಿಲ್ಲಿಸಿ ತಿರುಗಿ ನೋಡಿದೆ. ಆಳೆತ್ತರದ ಕರಿ ಡಬ್ಬಿ. ಮಂದಿ ನಕ್ಕರು. ಮುಂದಿನ ಸಾಲು ಹುಡುಕಿದೆ, ಇಲ್ಲ. ಕೈಗಳು ತೊಡೆಯ ಮೇಲೆ ಸತ್ತ ಮೀನಿನ ಹಾಗೆ ಬಿದ್ದಿದ್ದವು. ನೆಗೆಣ್ಣಿಯ ಕಡೆ ಬಾಗಿ ಮೆಲ್ಲಗೆ ಹೇಳಿದೆ:

"ಏಳ ತಂಗಿ, ನನಗ ಉಚ್ಚಿ ಬಂದಂಗ ಆಗ್ಯದ."

ಮೆಲ್ಲಗೆ ಹೇಳಿದವಳು ನಾನು. ಡಬ್ಬಿಗೆ ಮೆಲ್ಲಗೆ ಎನ್ನುವುದು ಗೊತ್ತಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ಕೇಳಿತಂತೆ.

ಇಳಿದು ವೇದಿಕೆಯ ಹಿಂದೆ ಹೋದೆ. ಟ್ರಂಕಿನ ಮೇಲೆ ಅವನು ಕುಳಿತಿದ್ದ. ಅವನೂ ನಗುತ್ತಿದ್ದ, ಮುಚ್ಚಿಡಲಿಲ್ಲ. ಉಳಿದವರೆಲ್ಲ ನನ್ನನ್ನು ಕಂಡು ನಗು ನುಂಗುತ್ತಿದ್ದರು. ನುಂಗುವವರಿಗಿಂತ ನಗುವವನೇ ವಾಸಿ ಎಂದು ಅಲ್ಲೇ ನಿಂತೆ.

"ಮೊದಲ ಹೋಗಿ ಬರ್ರಿ ಯಕ್ಕಾ. ಆ ಗ್ವಾಡಿ ಹಿಂದ ಹೆಣ್ಮಕ್ಕಳ ಜಾಗ ಅದ. ಆಮ್ಯಾಗ ಚಾ ಕುಡೀರಿ."

ಹೋಗಿ ಬಂದೆ. ಚಹಾ ಕೊಟ್ಟ.

"ಇನ್ನ ಮ್ಯಾಲ ಸ್ಟೇಜ್ ಹತ್ತೂಕಿಂತ ಮೊದಲ ಹೋಗಿ ಬರ್ಬೇಕು. ಬಂದಿರ್ಲಿ, ಬಿಡ್ಲಿ. ಮತ್ತ ಮೈಕ್ ಸತ್ತದ ಅಂತ ಯಾವಾಗೂ ತಿಳೀಬ್ಯಾಡ್ರಿ. ಅದು ಸತ್ತಂಗ ಕುಂತು ಎಲ್ಲಾ ಕೇಳ್ತದ."

"ಇನ್ನ ಮ್ಯಾಲ ಸ್ಟೇಜೂ ಬ್ಯಾಡ, ಮೈಕೂ ಬ್ಯಾಡ. ನನ್ನ ದನಿ ಹೋಯ್ತು."

"ದನಿಗೇನಾಗ್ಯದ್ರಿ? ಒಂದೇ ಸಾಲು ಹಾಡೀರಿ, ನನ್ನ ಡಬ್ಬಿ ಝಲ್ ಅಂತು. ಕೆಟ್ಟಿದ್ದು ದನಿ ಅಲ್ಲ, ಕೈ. ಮನ್ಯಾಗ ಹಾಡೋವಾಗ ಕೈ ಏನ್ ಮಾಡ್ತಾವ?"

"ಬೀಸ್ತಾವ. ಇಲ್ಲಂದ್ರ ಕಾಳು ಹಸನ ಮಾಡ್ತಾವ."

"ಇಲ್ಲಿ ಏನ್ ಮಾಡಿದ್ವು?"

"ಏನ್ ಮಾಡ್ತಾವ? ಸುಮ್ಮ ಕುಂತ್ವು."

"ಮತ್ತ! ಕೈ ಖಾಲಿ ಕಂಡ್ರ ಅಂಜಿಕಿ ಬಂದು ಅದರಾಗೇ ಕುಂದರ್ತದ. ಒಂದಿನ ವಾಡಿಗಿ ಬರ್ರಿ. ಬರೋವಾಗ ಮರ ತರ್ರಿ, ಎರಡು ಸೇರು ತೊಗರಿ ತರ್ರಿ."

ಅವನು ಹೇಳಿದ ಮರ ಎಂದರೆ ಕಾಳು ಕೇರುವ ಮೊರ. ತಮಾಷೆ ಮಾಡುತ್ತಾನೆ ಅಂದುಕೊಂಡು ಮನೆಗೆ ಬಂದೆ.

ಹದಿನೈದು ದಿನದಲ್ಲಿ ಸೇಡಂನಲ್ಲಿ ಇನ್ನೂ ದೊಡ್ಡ ಕಾರ್ಯಕ್ರಮ ಇತ್ತು. "ಆ ಹಾಡುವ ಅಜ್ಜಿ ಬೇಡ, ಅವರಿಗೆ ಆಗುವುದಿಲ್ಲ. ನೀವು ನಾಲ್ವರೇ ಬನ್ನಿ," ಎಂದು ಮೇಡಂ ನೆಗೆಣ್ಣಿಗೆ ಫೋನಿನಲ್ಲಿ ಹೇಳಿದರು. ನನಗೆ ಸಿಟ್ಟು ಬರಲಿಲ್ಲ, ಅವರು ಹೇಳಿದ್ದು ಖರೆ. ತೊಂದರೆ ಬೇರೆ. ಮನೆಯಲ್ಲಿಯೂ ನನ್ನ ಬಾಯಿ ಮುಚ್ಚಿತು. ಕಲ್ಲಿನ ಮುಂದೆ ಕುಳಿತರೆ ಮಂದಿ ನಕ್ಕದ್ದೇ ಕೇಳಿಸುತ್ತಿತ್ತು.

"ಯಕ್ಕಾ, ಕಲ್ಲು ತಿರುಗಲಿಕತ್ತದ. ಪದ ಎಲ್ಲದ?" ಎಂದು ನೆಗೆಣ್ಣಿ ಕೇಳಿದಳು.

"ಚಿತ್ತಾಪುರದಾಗ ಬಿದ್ದದ. ನೀನೇ ಹಾಡು."

"ನನಗ ನಿನ್ನ ಹಿಂದ ಸೊಲ್ಲು ಎತ್ತಿಕೊಡಾಕ ಅಷ್ಟೇ ಬರ್ತದ. ಪದ ನಿನಗೊಬ್ಬಾಕಿಗೇ ಗೊತ್ತು. ನೀ ಬಾಯಿ ಮುಚ್ಚಿದ್ರ ಅತ್ತಿನೂ ಇನ್ನೊಮ್ಮಿ ಸತ್ತಂಗ."

ಅವಳು ಹಾಗೆ ಮಾತಾಡುವವಳಲ್ಲ. ಮರುದಿನ ವಾಡಿ ಬಸ್ಸು ಹತ್ತಿದೆವು, ಮೊರ, ತೊಗರಿ ಕಟ್ಟಿಕೊಂಡು.

ಅವನು ನಮ್ಮನ್ನು ಅಂಗಡಿಯ ಒಳಗೆ ಕೂಡಿಸಲಿಲ್ಲ. ಬಾಗಿಲಲ್ಲಿ, ರಸ್ತೆಗೆ ಮುಖ ಮಾಡಿ ಚಾಪೆ ಹಾಸಿದ. ಒಂದು ಮೈಕು ಬಾಯಿಗೆ. ಇನ್ನೊಂದು ಕೆಳಗೆ, ಮೊರದ ಪಕ್ಕಕ್ಕೆ. ಡಬ್ಬಿಯನ್ನು ನನ್ನ ಹಿಂದೆ ಇಡದೆ ಎದುರಿಗೆ ಇಟ್ಟ. "ನಿಮ್ಮ ಆವಾಜ್ ನಿಮಗ ಗುರ್ತ ಆಗಲಿ. ಹೊಸಾ ಸೊಸಿ ಬಂದಂಗ ಒಂದೆರಡು ದಿನ ಪರಕಿ ಅನಸ್ತದ, ಆಮ್ಯಾಗ ನಿಮ್ಮಾಕಿನೇ."

ಸೆರಗು ತಲೆಯ ಮೇಲೆ ಇರಲಿ, ಬಾಯಿಯ ಮೇಲೆ ಬೇಡ ಅಂದ. ನೆಗೆಣ್ಣಿಯ ಮೊಣಕಾಲು ನನ್ನ ಕಡೆಗೂ ಮುಖ ಮಂದಿಯ ಕಡೆಗೂ ಇರುವ ಹಾಗೆ ಓರೆಯಾಗಿ ಕೂಡಿಸಿದ. ಮೊರ ಆಡಿಸಿದ ಕೂಡಲೇ ಬಳೆಗಳು ಮೈಕಿನಲ್ಲಿ ಪಾತ್ರೆ ಬಿದ್ದ ಹಾಗೆ ಸದ್ದು ಮಾಡಿದವು. ಆಗ ನನ್ನ ಗಂಡ ಇದ್ದ. ಬಳೆ ತೆಗೆಯಿರಿ ಎಂದು ಬಾಯಿ ಬಿಟ್ಟು ಯಾವ ಗಂಡಸೂ ನನಗೆ ಹೇಳುವ ಹಾಗಿಲ್ಲ, ಅವನಿಗೆ ಅದು ಗೊತ್ತು. ಸೈಕಲ್ ಟ್ಯೂಬನ್ನು ಕತ್ತರಿಸಿ ಎರಡು ಪಟ್ಟಿ ತಂದು ಕೊಟ್ಟ. ಬಳೆಗಳನ್ನು ಮೇಲೆ ಸರಿಸಿ ಪಟ್ಟಿ ಹಾಕಿಕೊಂಡೆ. ಸದ್ದು ಸತ್ತಿತು. ಆ ಪಟ್ಟಿಗಳು ಇನ್ನೂ ನನ್ನ ಹತ್ತಿರ ಇವೆ.

ತೊಗರಿ ಕೇರುತ್ತ, ಹರಳು ಆರಿಸುತ್ತ, ರಸ್ತೆ ನೋಡುತ್ತ ಕುಳಿತೆ. ಮೊರ ಸರ್ರ ಸರ್ರ ಅನ್ನುತ್ತಿತ್ತು. ಯಾವಾಗ ಹಾಡು ಶುರುವಾಯಿತು ನನಗೇ ತಿಳಿಯಲಿಲ್ಲ. ಎರಡು ಪದ ಮುಗಿಯುವಷ್ಟರಲ್ಲಿ ಮಂದಿ ಸೇರಿದ್ದರು. ಸ್ಟೇಷನ್ನಿನಿಂದ ಗಂಟು ಹೊತ್ತು ಬಂದ ಒಬ್ಬ ಹೆಂಗಸು ನನ್ನ ಮೊರಕ್ಕೆ ಕೈ ಹಾಕಿ ತೊಗರಿ ತಿಕ್ಕಿ ನೋಡಿ ಕೇಳಿದಳು:

"ಹೆಂಗ್ ಕೊಟ್ಟಿ ಬಾಯಿ?"

ಹಾಡಿನ ನಡುವೆಯೇ ನಾನು ಹೇಳಿದೆ, "ಮಾರಾಕಲ್ಲವ್ವಾ, ಹಾಡಾಕ!"

ಡಬ್ಬಿ ಅದನ್ನೂ ಕೂಗಿ ಹೇಳಿತು. ರಸ್ತೆಯೆಲ್ಲ ನಕ್ಕಿತು. ನಾನೂ ನಕ್ಕೆ, ಮತ್ತೆ ಅದೇ ಸಾಲು ಹಿಡಿದು ಮುಂದೆ ಹೋದೆ. ಹಾಡು ಬೀಳಲಿಲ್ಲ. ತಿರುಗಿ ನೋಡಿದರೆ ಅವನು ಒಳಗೆ ತೊಡೆ ಬಡಿದುಕೊಂಡು ನಗುತ್ತಿದ್ದ.

"ಆತು ಯಕ್ಕಾ! ಮಂದಿ ನಗೋವಾಗ ನೀವೂ ನಕ್ಕು ಮುಂದ ಹೋದ್ರಿ. ಇದು ಬಂದ್ರ ಎಲ್ಲಾ ಬಂದಂಗ. ಒಂದೇ ಉಳಿತು. ಹಾಡು ಮುಗಿದ ಕೂಡ್ಲೇ ಕಳ್ಳರಂಗ ಓಡಬ್ಯಾಡ್ರಿ. ಎರಡು ಉಸಿರು ಕುಂದರ್ರಿ. ಚಪ್ಪಾಳಿ ಹೊಡಿಯೋರಿಗೂ ಕೈ ಎತ್ತಾಕ ಟೈಮ್ ಬೇಕು."

ಸೇಡಂಗೆ ನಾಲ್ವರು ಬರುತ್ತಾರೆ ಎಂದು ಕಾದಿದ್ದ ಮೇಡಂ ಐವರನ್ನು ನೋಡಿದರು, ಮೊರವನ್ನೂ ನೋಡಿದರು. ಏನೋ ಹೇಳಲು ಬಂದರು. ಅಷ್ಟರಲ್ಲಿ ಮೈಕಿನಣ್ಣ ನಮ್ಮ ಮೈಕುಗಳನ್ನು ಇಟ್ಟು ಇಳಿದಾಗಿತ್ತು. ಮಂದಿ ಬರುವ ಮೊದಲೇ ಖಾಲಿ ವೇದಿಕೆಯ ಮೇಲೆ ನಮ್ಮನ್ನು ಒಂದು ಸಲ ಕೂಡಿಸಿ ಇಳಿಸಿದ್ದ. ಎರಡನೆಯ ಸಲ ಹತ್ತಿದಾಗ ಜಾಗ ನಮ್ಮದೇ ಅನ್ನಿಸಿತು. ಗೋಡೆಯ ಹಿಂದೆಯೂ ಹೋಗಿ ಬಂದಿದ್ದೆ.

ಎದೆ ಹೊಡೆದುಕೊಳ್ಳಲಿಲ್ಲ ಎಂದರೆ ಸುಳ್ಳು. ಹೊಡೆದುಕೊಂಡಿತು. ಆದರೆ ಕೈಗಳಿಗೆ ಅದು ಗೊತ್ತಾಗಲಿಲ್ಲ, ಅವು ತಮ್ಮ ಪಾಡಿಗೆ ಕೇರಿದವು. ಮೊರದ ಸದ್ದು ಡಬ್ಬಿಯಲ್ಲಿ ಮಳೆಯ ಹಾಗೆ ಬಂತು, ಅದರ ಮೇಲೆ ಹಾಡು ಹತ್ತಿ ಕುಳಿತಿತು. ಮೂರು ಪದ ಹಾಡಿದೆ. ಮುಗಿದ ಕೂಡಲೇ ಏಳಲು ಹೋದವಳು ಪಕ್ಕಕ್ಕೆ ನೋಡಿದರೆ ಪರದೆಯ ಸಂದಿಯಲ್ಲಿ ಆ ನುಣುಪು ಕೈ, ಎರಡು ಬೆರಳು. ಕುಳಿತೆ. ಒಂದು ಉಸಿರು. ಎರಡು. ಆಮೇಲೆ ಬಂದ ಚಪ್ಪಾಳೆಯನ್ನು ಏನೆಂದು ಬರೆಯಲಿ, ನೆಗೆಣ್ಣಿ ಹೆದರಿ ನನ್ನ ತೋಳು ಹಿಡಿದಳು.

ವೇದಿಕೆಯ ಮೇಲೆಲ್ಲ ತೊಗರಿಯ ದೂಳು, ಹೊಟ್ಟು. ನಮ್ಮ ನಂತರ ಭಾಷಣಕ್ಕೆ ನಿಂತ ದೊಡ್ಡವರು ಮೂರು ಸಲ ಸೀನಿದರು. ಮೂರೂ ಮೈಕಿನಲ್ಲಿ. ಅವರಿಗೂ ಚಪ್ಪಾಳೆ ಬಿತ್ತು.

ಆಮೇಲೆ ಶಹಾಬಾದ್, ಚಿಂಚೋಳಿ, ಕೊಡ್ಲಿ, ಎಲ್ಲ ಕಡೆ ಹಾಡಿದೆವು. ಎಲ್ಲ ಕಡೆ ಡಬ್ಬಿ ಅವನದೇ ಇರುತ್ತಿರಲಿಲ್ಲ. ಮೊರ ನನ್ನದೇ ಇರುತ್ತಿತ್ತು.

ಅವನಿಗೆ ವಯಸ್ಸಾಗಿ ಮಗಳು ಅಂಗಡಿ ನೋಡಿಕೊಳ್ಳತೊಡಗಿದ ಮೇಲೆ ಶಹಾಬಾದಿನ ಹಾಡುವವರು, ನಾಟಕದವರು ಸೇರಿ ಅವನಿಗೆ ಸನ್ಮಾನ ಇಟ್ಟರು. ನಮ್ಮನ್ನೂ ಕರೆದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೈಗೆ ಕೊಟ್ಟರು. ಎರಡು ಮಾತು ಆಡಿರಿ ಎಂದು ಮೈಕಿನ ಮುಂದೆ ನಿಲ್ಲಿಸಿದರು.

ಅವನು ನಿಂತ. ಮಂದಿಯ ಕಡೆ ಮುಖ ಮಾಡಿ ಅವನು ಮೈಕಿನ ಮುಂದೆ ನಿಂತದ್ದನ್ನು ಅದೇ ಮೊದಲು ನೋಡಿದ್ದು. ಬಾಯಿ ತೆರೆದ. ಮುಚ್ಚಿದ. ಹಣೆಯ ಬೆವರು ಬುಟ್ಟಿಯ ಸೇಬಿನ ಮೇಲೆ ಬಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಗ ನನಗೆ ತಿಳಿಯಿತು, ಅವನು ಯಾಕೆ ಡಬ್ಬಿಯ ಕಡೆಗೇ ತಿರುಗಿ ಮಾತಾಡುತ್ತಿದ್ದ ಎಂದು. ನಮಗೆಲ್ಲ ಅಂಜಿಕೆ ಬಿಡಿಸಿದವನಿಗೆ ನಮ್ಮೆಲ್ಲರಿಗಿಂತ ಹೆಚ್ಚು ಅಂಜಿಕೆ ಇತ್ತು. ಇನ್ನೊಂದು ಗಳಿಗೆ ಬಿಟ್ಟರೆ ಚಿತ್ತಾಪುರದಲ್ಲಿ ನಾನು ಇಳಿದ ಹಾಗೆ ಇವನೂ ಇಳಿಯುತ್ತಾನೆ.

ಎದ್ದು ವೇದಿಕೆ ಹತ್ತಿದೆ. ಯಾರೋ "ಅಜ್ಜೀ, ಅಜ್ಜೀ" ಅಂದರು. ಅವನ ಕೈಯಿಂದ ಬುಟ್ಟಿ ಕಸಿದುಕೊಂಡೆ. ಕಾಲ ಬಳಿ ಕರಿ ವೈರು ಬಿದ್ದಿತ್ತು, ಎತ್ತಿ ಕೈಗೆ ಕೊಟ್ಟೆ.

"ಹಿಡಿ ಯಣ್ಣಾ. ಸುತ್ತು."

ಕೈ ತನ್ನಷ್ಟಕ್ಕೆ ಸುತ್ತಿತು. ಅಂಗೈ, ಮೊಣಕೈ, ಅಂಗೈ, ಮೊಣಕೈ. ಮೂರನೆಯ ಸುತ್ತಿಗೆ ಭುಜ ಇಳಿಯಿತು. ಐದನೆಯದಕ್ಕೆ ಬಾಯಿ ಬಂತು:

"ಹಿಂದಿನವ್ರಿಗೆ ಕೇಳಾಕತ್ತದೇನ್ರಿ?"

"ಕೇಳಾಕತ್ತದ!" ಎಂದು ಇಡೀ ಸಭೆ ಕೂಗಿತು.

"ನಂದು ಇಷ್ಟೇರಿ ಕೆಲಸ. ನಿಮ್ಮ ಆವಾಜ್ ಹಿಂದಿನವ್ರಿಗೆ ಮುಟ್ಟಸೂದು..." ಎಂದು ಅವನು ಸುತ್ತುತ್ತಲೇ ಇದ್ದ. ವೈರು ಬಿಗಿಯಾಯಿತು, ಟಪ್ ಎಂದು ಕಿತ್ತು ಬಂತು. ನಾನು ಎತ್ತಿ ಕೊಟ್ಟದ್ದು ಆ ಮೈಕಿನದೇ ವೈರು, ನನಗೇನು ಗೊತ್ತು. ಅವನ ಮಗಳು ಹಿಂದಿನಿಂದ "ಅಪ್ಪಾ, ಕಿತ್ತಿ ನೋಡು!" ಎಂದು ಕಿರುಚಿದಳು. ಮೈಕು ಸತ್ತಿತು. ಅವನು ನಿಲ್ಲಲಿಲ್ಲ, ಮಂದಿಯ ಕಡೆ ನಗುತ್ತ, ದೊಡ್ಡವರ ಹಾಗೆ ಕೈ ಮುಗಿಯುತ್ತ ಇನ್ನೂ ಏನೋ ಹೇಳಿದ. ಅದು ಕೇಳಿದ್ದು ಪಕ್ಕದಲ್ಲಿದ್ದ ನನಗೊಬ್ಬಳಿಗೆ.

"ಯಕ್ಕಾ, ನನಗ ಉಚ್ಚಿ ಬಂದಂಗ ಆಗ್ಯದ."

ಬುಟ್ಟಿ ಹಿಡಿದುಕೊಂಡು ನಾನು ನಕ್ಕದ್ದನ್ನು ಫೋಟೊದಲ್ಲಿ ನೋಡಬೇಕು. ಇರುವ ನಾಲ್ಕೂ ಹಲ್ಲು ಕಾಣುತ್ತವೆ.

ಹೋದ ವರ್ಷ ಅವನು ತೀರಿಕೊಂಡ. ಮಲಗಿದವನು ಏಳಲಿಲ್ಲ, ಯಾರಿಗೂ ತೊಂದರೆ ಕೊಡಲಿಲ್ಲ. ವಾಡಿಯಲ್ಲಿ ನೆನಪಿನ ಸಭೆ ಮಾಡಿದರು. ಮಗಳು ಡಬ್ಬಿ ಹಚ್ಚಿದಳು. ಅವಳು ಮಂದಿಗೆ ಮುಖ ಮಾಡಿಯೇ "ಹಿಂದಿನವ್ರಿಗೆ ಕೇಳಾಕತ್ತದೇನ್ರಿ?" ಅಂದಳು. ಅಪ್ಪನಿಗಿಂತ ಗಟ್ಟಿ.

ನಾನು ಮೊರ ತೆಗೆದುಕೊಂಡು ಕುಳಿತೆ. ಈಗ ಬಳೆ ಇಲ್ಲ, ಟ್ಯೂಬಿನ ಪಟ್ಟಿ ಸುಮ್ಮನೆ ಹಾಕಿಕೊಂಡಿದ್ದೆ. ಅಣ್ಣ ತಂಗಿಯನ್ನು ತವರಿಗೆ ಕರೆಯಲು ಬರುವ ಪದ ಹಾಡಿದೆ. ಕೈಗಳು ಕೇರುತ್ತಲೇ ಇದ್ದವು, ಅವಕ್ಕೆ ಕೆಲಸ ಇತ್ತು.

ಅದು ಚಪ್ಪಾಳೆ ಹೊಡೆಯುವ ಸಭೆ ಅಲ್ಲ. ಎಲ್ಲರೂ ತಲೆ ಕೆಳಗೆ ಹಾಕಿ ಕುಳಿತಿದ್ದರು. ಆದರೂ ಮುಗಿದ ಮೇಲೆ ನಾನು ಏಳಲಿಲ್ಲ. ಒಂದು ಉಸಿರು ಕುಳಿತೆ. ಎರಡು ಉಸಿರು ಕುಳಿತೆ.

ಮೊದಲು ಹೊಡೆದವಳು ಅವನ ಮಗಳು, ಟ್ರಂಕಿನ ಮೇಲಿಂದ. ಆಮೇಲೆ ಹಿಂದಿನವರು.