ಕಾಗದದ ಹೂವಿಗೆ ಕಟ್ಟಿದ ಬದು

ನಾನು ಗಂಗಾವತಿ ಹತ್ತಿರದ ಮರಳಿಯವಳು. ನಮ್ಮಲ್ಲಿ ಮನೆ ದಾಟಿದರೆ ಕಾಲುವೆ, ಕಾಲುವೆ ದಾಟಿದರೆ ಭತ್ತದ ಗದ್ದೆ. ಮದುವೆಯಾಗಿ ಕುಷ್ಟಗಿಗೆ ಬಂದಾಗ ಅಂಗಳ ನೋಡಿ ಅಳುವೇ ಬಂದಿತ್ತು. ಕೆಂಪು ಮಣ್ಣು, ಕಲ್ಲು, ಒಂದು ಬೇವಿನ ಮರ. ಬಿಡಲು ಬಂದಿದ್ದ ಅಪ್ಪ ಗೇಟಿನ ಬಳಿ ನಿಂತು ಚಪ್ಪಲಿಯ ತುದಿಯಿಂದ ಮಣ್ಣು ಕೆದಕಿ, "ಇಲ್ಲಿ ಏನ್ ಬೆಳೀತೈತವಾ?" ಎಂದ. ಅವನ ಚಿಂತೆ ಮಣ್ಣಿನದಲ್ಲ, ನನ್ನದು ಎಂದು ಗೊತ್ತಿತ್ತು. ನಾನೋ ಮೊದಲೇ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವಳು. "ಯುಗಾದಿಗೆ ಕರಿಯಾಕ ಬರ್ತಿಯಲ್ಲ, ಆವಾಗ ಈ ಗೇಟ್ ತುಂಬ ಹೂವು ತೋರಿಸ್ತೀನಿ ನೋಡು" ಎಂದುಬಿಟ್ಟೆ.

ಮುಂಗಾರು ಶುರುವಾದ ಮೇಲೆ ಅತ್ತೆಯ ಜೊತೆ ನರ್ಸರಿಗೆ ಹೋದೆ. ಎಲೆ ಹೊಳೆಯುವುದನ್ನೆಲ್ಲ ಆರಿಸಿದೆ. ಬಣ್ಣದ ಕ್ರೋಟನ್ ನಾಲ್ಕು, ಕುಂಡದಲ್ಲಿಡುವ ತಾಳೆ ಒಂದು. ಅತ್ತೆ ಮಾತ್ರ ಮೂಲೆಯಲ್ಲಿದ್ದ ಮುಳ್ಳುಮುಳ್ಳಿನ ಕಾಗದದ ಹೂವಿನ ಗಿಡ ಎತ್ತಿಕೊಂಡರು.

"ಇದು ನಮ್ಮ ಬಿಸಿಲಿಗೆ ಹೆದರಂಗಿಲ್ಲ. ಗೇಟಿಗೆ ಇದನ್ನ ಹಚ್ಚೂಣು."

ಹಚ್ಚಿದೆವು. ಆಮೇಲಿನ ಆರೈಕೆ ನನ್ನದು. ಬುಡದ ಸುತ್ತ ಮಣ್ಣಿನ ಬದು ಕಟ್ಟಿ, ಶಾಲೆಗೆ ಪಾಠ ಮಾಡಲು ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ನೀರು ನಿಲ್ಲಿಸುತ್ತಿದ್ದೆ. ನೀರು ನಿಂತರೆ ನನ್ನ ಜೀವಕ್ಕೂ ತಂಪು. ಗಿಡವೂ ಖುಷಿಯಾಗಿಯೇ ಬೆಳೆಯಿತು. ದೀಪಾವಳಿಗೆ ಗೋಡೆ ಏರಿತು, ಗೇಟಿನ ಮೇಲೆ ಬಿತ್ತು. ಎಲ್ಲಿ ನೋಡಿದರೂ ಎಲೆ. ಹೂವು ಒಂದೂ ಇಲ್ಲ. ಗೊಬ್ಬರ ಹಾಕಿದೆ, ಇನ್ನೊಂದು ಕೊಡ ನೀರು ಸುರಿದೆ. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಅತ್ತೆ ಕೇಳಿದರು:

"ಏನವಾ ಟೀಚರ, ಭತ್ತದ ಸಸಿ ಯಾವಾಗ ನಾಟಿ ಮಾಡ್ತಿ?"

ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಆದರೆ ಸಂಕ್ರಾಂತಿ ಕಳೆದ ಮೇಲೆ ಯುಗಾದಿ ನೆನಪಾಗಿ ದಿನ ಎಣಿಸತೊಡಗಿದೆ. ಸೊಕ್ಕು ಮಡಚಿಟ್ಟು, "ಏನ್ ಮಾಡ್ಲಿ ಅತ್ತಿ?" ಎಂದು ಕೇಳಿದೆ. ಅವರು ಇದಕ್ಕೇ ಕಾದಿದ್ದವರಂತೆ ಎದ್ದು ಸಲಿಕೆಯಿಂದ ಬದು ಒಡೆದರು. ಉದ್ದುದ್ದ ಬೆಳೆದ ಕೊಂಬೆಗಳನ್ನು ಕತ್ತರಿಸಿದರು.

"ಇನ್ನ ಇದು ಬಾಯಾರ್ಲಿ, ಬಾಯಾರಿದ್ರನ ಹೂ ಬಿಡೂದು. ನಾ ಹೇಳೂತನಾ ಒಂದ್ ಹನಿ ಹಾಕಬ್ಯಾಡ."

ಗಿಡ ಬಾಡಿದ್ದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಒಮ್ಮೆ ತಂಬಿಗೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಹೋಗಿ ಸಿಕ್ಕಿಬಿದ್ದೆ. ಅತ್ತೆ ತಂಬಿಗೆ ಕಸಿದುಕೊಂಡು ಆ ನೀರನ್ನು ತಾವೇ ಕುಡಿದುಬಿಟ್ಟರು. ಬಿಸಿಲು ಏರುತ್ತಲೇ ನನ್ನ ಕ್ರೋಟನ್ ಎಲೆಗಳು ಸುಟ್ಟವು, ಕುಂಡಗಳನ್ನು ಬೇವಿನ ನೆರಳಿಗೆ ಹೊತ್ತೊಯ್ದೆ. ತಾಳೆ ಸತ್ತೇಹೋಯಿತು.

ಶಿವರಾತ್ರಿ ಮುಗಿದ ವಾರದಲ್ಲಿ ಗೇಟಿನ ಗಿಡದ ತುದಿಗಳು ಕೆಂಪಾದವು. ಆಮೇಲೆ ಹಿಡಿಯುವವರಿಲ್ಲ. ರಾಣಿ ಬಣ್ಣದ ಹೂವು ಗೇಟು, ಗೋಡೆ ಎಲ್ಲ ಮುಚ್ಚಿತು. ಶಾಲೆಗೆ ಹೊರಟವಳು ಗೇಟು ಹಾಕಿ, ಇನ್ನೊಮ್ಮೆ ನೋಡಲೆಂದು ತಿರುಗಿ ಬರುತ್ತಿದ್ದೆ. ಅಷ್ಟು ಸಂತೋಷ.

ಯುಗಾದಿಗೆ ಕರೆಯಲು ಅಪ್ಪ ಬಂದ. ಗೇಟಿನಲ್ಲಿ ನಿಂತು ಹೂವು ನೋಡಿ, "ಛಲೋ ಐತಿ" ಎಂದ. ಕಣ್ಣು ಮಾತ್ರ ಬುಡದ ಬಿರುಕು ಬಿಟ್ಟ ಮಣ್ಣಿನ ಮೇಲೇ ಇತ್ತು.

ಮರುದಿನ ಬೆಳಿಗ್ಗೆ ಬ್ಯಾಗಿಗೆ ಸೀರೆ ತುಂಬುತ್ತಿದ್ದೆ. ಅಂಗಳದಲ್ಲಿ ಸದ್ದಾಯಿತು. ಹೋಗಿ ನೋಡಿದರೆ ಅಪ್ಪ ಲುಂಗಿ ಎತ್ತಿ ಕಟ್ಟಿ, ಗಿಡದ ಸುತ್ತ ಕೈಯಿಂದಲೇ ಚೆಂದದ ಬದು ಕಟ್ಟಿ, ಬಕೆಟ್ ಎತ್ತಿದ್ದಾನೆ!

"ಅಪ್ಪಾ, ಹಾಕಬ್ಯಾಡ! ನಮ್ಮ ಕಡೆ ಇದಕ್ಕ ಹಿಂಗ ನೀರ್ ನಿಲ್ಲಸಂಗಿಲ್ಲ!"

ಅಪ್ಪನ ಕೈ ಹಾಗೇ ನಿಂತಿತು. ನನ್ನ ಮುಖವನ್ನೇ ನೋಡಿದ. ನನಗೂ ಆಗಲೇ ಗೊತ್ತಾಯಿತು, ಹತ್ತು ತಿಂಗಳಲ್ಲಿ ಕುಷ್ಟಗಿಯನ್ನು ನಮ್ಮ ಕಡೆ ಎಂದದ್ದು ಅದೇ ಮೊದಲು. ಬಾಗಿಲಲ್ಲಿ ಅತ್ತೆ ನಗುತ್ತಿದ್ದರು.

"ಬೀಗರ, ಆಕಿ ಕೇಳಂಗಿಲ್ಲ. ನಾಷ್ಟಾಕ್ಕ ಬರ್ರಿ."

ಅಪ್ಪ ಕಾಲಿನಿಂದ ತಾನು ಕಟ್ಟಿದ ಬದುವನ್ನು ಒಡೆದ. ಹುಟ್ಟಿದಾಗಿನಿಂದ ಗದ್ದೆಗೆ ನೀರು ಕಟ್ಟಿದವನು, ತುಂಬಿದ ಬಕೆಟ್ ಹಿಡಿದು ನನ್ನನ್ನು ಕೇಳಿದ:

"ಹಂಗಾರ ಇದನ್ನ ಎಲ್ಲಿ ಹಾಕ್ಲವಾ?"

ಕಣ್ಣೊರೆಸಿಕೊಂಡು ಬೇವಿನ ಕೆಳಗಿನ ಕ್ರೋಟನ್ ತೋರಿಸಿದೆ.